ಹಲ್ಲಿಯ ಸರದಿ

ಮನೆ, ಅಡುಗೆಮನೆಯ ಮೇಜು
ಮಾರ್ಚ್ ೧೪, ಶನಿವಾರ ಸಂಜೆ

ಪರಮಪೂಜ್ಯ ಅಕ್ಕನವರ ಸನ್ನಿಧಾನಕ್ಕೆ, ಕಿರುಕುಳ ಎಂದು ತಾವೇ ಬಿರುದು ಕೊಟ್ಟ ತಂಗಿಯ ವಿನಮ್ರ ವಿಜ್ಞಾಪನೆ.

ಆರೋಗ್ಯವಾಗಿದ್ದೀಯಾ? ನರ್ಸಿಂಗ್ ಓದುವವರಿಗೆ ನೆಗಡಿಯಾದರೆ ಯಾರು ನೋಡಿಕೊಳ್ಳುತ್ತಾರೆ ಎಂಬ ಗಹನವಾದ ಪ್ರಶ್ನೆ ನನ್ನನ್ನು ಕಾಡುತ್ತಿದೆ. ಹಾಸ್ಟೆಲಿನ ಟೀ ಇನ್ನೂ ಬಿಸಿನೀರಿನ ಹತ್ತಿರದ ನೆಂಟನೇ? ಅಮ್ಮ ಚೆನ್ನಾಗಿದ್ದಾಳೆ. ಅಂದರೆ, ಎರಡು ಸಲ ಕೇಳಿದರೆ ಒಂದು ಸಲ ಉತ್ತರ ಕೊಡುತ್ತಾಳೆ. ಅಪ್ಪ ಹೋದಾಗ ಬಂದವಳು ಪರೀಕ್ಷೆ ಇದೆ ಅಂತ ವಾರಕ್ಕೇ ಹೊರಟುಬಿಟ್ಟೆ. ಆಮೇಲೆ ರಜೆ ಬಂತು, ರಜೆ ಹೋಯಿತು, ನೀನು ಬರಲಿಲ್ಲ. ಇದು ಆಪಾದನೆಯಲ್ಲ, ಹವಾಮಾನ ವರದಿ.

ಶನಿವಾರದ ಗುಂಪಿಗೆ ಹೋಗುತ್ತೇವೆ ಅಂದಾಗ ನೀನು ಫೋನಿನಲ್ಲಿ, "ಅಳೋಕೆ ಅಂತ ಗುಂಪು ಕಟ್ಕೊಂಡು ಹೋಗ್ಬೇಕೇನೇ?" ಅಂದೆಯಲ್ಲ, ಅದಕ್ಕೆ ಈಗ ಸಾವಧಾನವಾಗಿ ಉತ್ತರಿಸುತ್ತಿದ್ದೇನೆ. ಲೈಬ್ರರಿಯ ಮಹಡಿಯಲ್ಲಿ ಎರಡು ಕೋಣೆ. ಒಂದರಲ್ಲಿ ಅಪ್ಪನನ್ನೋ ಅಮ್ಮನನ್ನೋ ತಮ್ಮನನ್ನೋ ಕಳೆದುಕೊಂಡ ನಮ್ಮಂಥವರು, ಗೋಡೆಯಾಚೆ ನಮ್ಮ ದೊಡ್ಡವರು. ನಮ್ಮ ಕೋಣೆಯಲ್ಲೊಂದು ಹಳದಿ ದಿಂಬಿದೆ. ಅದು ಯಾರ ಮಡಿಲಲ್ಲಿದೆಯೋ ಅವರು ಮಾತಾಡಬಹುದು, ಬೇಡವಾದರೆ ಪಕ್ಕದವರಿಗೆ ದಾಟಿಸಬಹುದು. ಯಾಕೆ ಅಳುತ್ತಿದ್ದೀಯ ಅಂತ ಯಾರೂ ಕೇಳುವಂತಿಲ್ಲ. ಅದಕ್ಕಿಂತ ದೊಡ್ಡ ಅನುಕೂಲ, ಯಾಕೆ ನಗುತ್ತಿದ್ದೀಯ ಅಂತಲೂ ಕೇಳುವಂತಿಲ್ಲ. ಗುಂಪು ನಡೆಸುವಾಕೆಗೆ ದಿಂಬಿನ ಮಹಾರಾಣಿ ಎಂದು ನಾಮಕರಣ ಮಾಡಿದ್ದೇನೆ, ಆಕೆಗೂ ಗೊತ್ತು. ಶಾಲೆಯಲ್ಲಿ ನಾನು ಏನು ತಮಾಷೆ ಮಾಡಿದರೂ ಪಾಪ ಅಂತ ನಗುತ್ತಾರೆ. ಇಲ್ಲಿ ತಮಾಷೆ ಸಪ್ಪೆಯಾಗಿದ್ದರೆ ಯಾರೂ ನಗುವುದಿಲ್ಲ. ಎಂಥ ಮರ್ಯಾದೆ ನೋಡು.

ಇಷ್ಟು ದಿನ ನಾನು ದಿಂಬನ್ನು ರಾಜಮುಕುಟದಂತೆ ಎರಡೂ ಕೈಯಲ್ಲಿ ಎತ್ತಿ, ತಲೆಬಾಗಿ, ಪಕ್ಕದವನಿಗೆ ಒಪ್ಪಿಸುತ್ತಿದ್ದೆ. ಪಕ್ಕದವನೆಂದರೆ ನಾನು ಬೆಣ್ಣೆ ಎಂದು ಕರೆಯುವ, ಅಮ್ಮನನ್ನು ಕಳೆದುಕೊಂಡ ದುಂಡು ಕೆನ್ನೆಯ ಹುಡುಗ. ಇವತ್ತು ಅವನು ದಿಂಬನ್ನು ವಾಪಸ್ ನನ್ನ ಮಡಿಲಿಗೇ ಹಾಕಿ, "ನಿನ್ನ ಸೇವೆ ಸಾಕು ತಾಯಿ, ನೀನೇ ಏನಾದ್ರೂ ಹೇಳು" ಅಂದ. ಬಾಯಿಗೆ ಬಂದದ್ದು ನಮ್ಮ ರಬ್ಬರ್ ಹಲ್ಲಿ.

ತುಂಡು ಬಾಲದ ಆ ಪುಣ್ಯಾತ್ಮನ ಚರಿತ್ರೆಯನ್ನೆಲ್ಲ ಹೇಳಿದೆ. ಅಮ್ಮನ ಸಕ್ಕರೆ ಡಬ್ಬದಲ್ಲಿ ಮಲಗಿದ್ದು, ನಿನ್ನ ಕಂಪಾಸ್ ಬಾಕ್ಸಿನಿಂದ ಇಣುಕಿದಾಗ ನೀನು ಕುರ್ಚಿ ಹತ್ತಿ ನಿಂತದ್ದು. ಅಪ್ಪ ಬೀಗದಂಗಡಿಯಿಂದ ಬಂದು ಎಷ್ಟು ತೊಳೆದರೂ ಕೈಯಲ್ಲಿ ಎಣ್ಣೆ, ಹಿತ್ತಾಳೆಯ ವಾಸನೆ ಉಳಿದಿರುತ್ತಿತ್ತು. ಹಲ್ಲಿಗೂ ಅದೇ ವಾಸನೆ. ನಾವು ಕಿರುಚಿದಾಗ ಅಪ್ಪ ಏನೂ ಅರಿಯದವನಂತೆ ಪೇಪರ್ ಹಿಂದೆ ಕೂತಿರುತ್ತಿದ್ದ, ಪೇಪರ್ ಮಾತ್ರ ಗಡಗಡ ನಡುಗುತ್ತಿತ್ತು. ಹಲ್ಲಿಯ ಸಂವಿಧಾನ ನೆನಪಿದೆಯೇ? ಯಾರ ಸಾಮಾನಿನಲ್ಲಿ ಸಿಕ್ಕಿತೋ ಅವರೇ ತೆಗೆಯಬೇಕು. ಮುಂದೆ ಬಚ್ಚಿಡುವ ಸರದಿ ಅವರದು. ಹಲ್ಲಿ ಈ ಮನೆಯ ಹೊಸಿಲು ದಾಟಕೂಡದು.

ಕೊನೆಯ ಸರದಿ ಅಪ್ಪನದು. "ಈ ಸಲ ಸಿಕ್ಕಿದ್ರೆ ಕೇಳಿ" ಅಂತ ಮೀಸೆಯಲ್ಲೇ ನಕ್ಕಿದ್ದ. ಆಮೇಲೆ ಅಪ್ಪನೇ ಇಲ್ಲ. ನಾನು ಕಪಾಟು, ಡಬ್ಬ, ಹಾಸಿಗೆಯ ಅಡಿ ಎಲ್ಲ ತಡಕಾಡಿದೆ. ಅಮ್ಮ ನನಗೆ ಕಾಣದ ಹಾಗೆ ಚಪ್ಪಲಿ, ಬೂಟುಗಳನ್ನು ಕೊಡವುತ್ತಿದ್ದಳು; ನಾನು ಕಾಣದವಳ ಹಾಗೆ ನೋಡಿದೆ. ಹಲ್ಲಿ ಸಿಗದಿದ್ದರೆ ಆಟ ಅಪ್ಪನ ಸರದಿಗೇ ನಿಂತುಹೋಯಿತಲ್ಲ ಅಕ್ಕಾ. ಅದನ್ನು ಹೇಳುವಾಗ ಮಾತ್ರ ನನ್ನ ಘನ ಗಾಂಭೀರ್ಯ ಕೈಕೊಟ್ಟಿತು. ದಿಂಬು ಒದ್ದೆಯಾಯಿತು. ಬೆಣ್ಣೆ ಅದನ್ನು ತಿರುಗಿಸಿ ಒಣ ಮಗ್ಗುಲು ಮೇಲೆ ಮಾಡಿಕೊಟ್ಟ.

ಅಷ್ಟರಲ್ಲಿ ಗೋಡೆಯಾಚೆ ದೊಡ್ಡವರು ಗೊಳ್ಳೆಂದು ನಕ್ಕರು. ಆಮೇಲೆ ತಿಳಿಯಿತು, ಅಲ್ಲಿ ಅಮ್ಮನೂ ಸಕ್ಕರೆ ಡಬ್ಬದ ಕಥೆಯನ್ನೇ ಹೇಳುತ್ತಿದ್ದಳಂತೆ. ಬರುವ ದಾರಿಯಲ್ಲಿ ನಾನು ಕೇಳದೆಯೇ, "ನಿಮ್ಮಪ್ಪನ ವಿಷಯ ನಗ್ತಾನೂ ಹೇಳ್ಬೋದು ಅನ್ನೋದೇ ಮರ್ತುಹೋಗಿತ್ತು ಕಣೇ" ಅಂದಳು.

ಗುಂಪಿಗೆ ಅಕ್ಕಂದಿರೂ ಬರಬಹುದಂತೆ. ಮಕ್ಕಳ ಕೋಣೆಯೋ ದೊಡ್ಡವರ ಕೋಣೆಯೋ, ಅದನ್ನು ಅಕ್ಕಂದಿರೇ ತೀರ್ಮಾನಿಸಬೇಕಂತೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮನ ಆಶೀರ್ವಾದ ಪೂರ್ತಿ ನಿನಗೇ, ನನ್ನ ಪಾಲಿಗೆ ಬರೀ ಬೈಗುಳ.

ಇಂತಿ ನಿನ್ನ ಶಾಶ್ವತ ತಲೆನೋವು,
ಕಿರುಕುಳ

ಮರೆತಿದ್ದೆ: ಪೆನ್ನು ಕೆಳಗಿಟ್ಟಾಗ ನೆನಪಾಯಿತು. ಹೊರಡುವಾಗ ಬೆಣ್ಣೆ ಮೆಟ್ಟಿಲ ಮೇಲೆ ತಡೆದು, "ನಿಮ್ಮಪ್ಪ ಬೀಗದವ್ರಲ್ವಾ? ಬೀಗ ಹಾಕಿರೋದ್ರೊಳಗೆ ನೋಡಿದ್ಯಾ?" ಅಂದಿದ್ದ. ನಾವು ಪೆದ್ದರ ಹಾಗೆ ತೆರೆಯಲು ಬಂದದ್ದನ್ನೇ ತಡಕುತ್ತಿದ್ದೆವು. ಈ ಮನೆಯಲ್ಲಿ ಬೀಗ ಬಿದ್ದಿರುವುದು ಒಂದೇ ಕಡೆ. ಹಾಸ್ಟೆಲ್ ಸೇರುವಾಗ ನನ್ನ ಕಾಟಕ್ಕೆ ಹೆದರಿ ನೀನು ಬೀಗ ಜಡಿದ ನಿನ್ನ ಓದುವ ಮೇಜಿನ ಖಾನೆ. ಕೀಲಿಯಿಲ್ಲದೆ ಬೀಗ ತೆಗೆದು ಹಾಕುವುದು ಅಪ್ಪನಿಗೆ ಎಡಗೈ ಕೆಲಸ. ಮೇಜು ಸರಿಸಿ, ಹಿಂದಿನ ಸೀಳಿನಲ್ಲಿ ಟಾರ್ಚ್ ಬಿಟ್ಟೆ. ತುಂಡು ಬಾಲ ಕಾಣಿಸಿತು. ಅಮ್ಮನೂ ಮಂಡಿಯೂರಿ ನೋಡಿದಳು, ಬಹಳ ಹೊತ್ತು ಏಳಲಿಲ್ಲ, ಆಮೇಲೆ ಅವಳ ಬೆನ್ನು ಅಪ್ಪನ ಪೇಪರಿನ ಹಾಗೆ ನಡುಗತೊಡಗಿತು. ನಾವು ಮುಟ್ಟಿಲ್ಲ. ಬೀಗದ ಕೈ ನಿನ್ನ ಹತ್ತಿರವಿದೆ ಅಕ್ಕಾ, ಸರದಿಯೂ ನಿನ್ನದೇ.