ಫೋನ್ ತಂತಿಯೊಳಗಿನ ಕಳ್ಳ

ಗೋಪಾಳ ಬಡಾವಣೆ, ಶಿವಮೊಗ್ಗ, ೧೪ ಮಾರ್ಚ್ ೨೦೦೨, ಗುರುವಾರ

ಶಿವಮೊಗ್ಗಕ್ಕೆ ಇಂಟರ್‌ನೆಟ್ ತಂದವನೇ ನಾನು. ಅಂಥ ನನ್ನ ಮನೆಯಲ್ಲೇ ಎಂಟು ದಿನದಿಂದ ಈಮೇಲ್ ಅರ್ಧದಲ್ಲಿ ಕಡಿದುಹೋಗುತ್ತಿತ್ತು. ತಮ್ಮನ ಮಗಳು ಅಕ್ಷರಾಳ ಕೆಲಸದ ಅರ್ಜಿಗೆ ಇಂದೇ ಕೊನೆಯ ದಿನ. ಭದ್ರಾವತಿಯ ಕಂಪ್ಯೂಟರ್ ರಿಪೇರಿಯ ಶಿವರಾಜ ನಮ್ಮ ಫೋನ್ ತಂತಿಗೆ ಕೊಕ್ಕೆ ಹಾಕಿ ಕಾಗದ ಕದಿಯುತ್ತಿದ್ದಾನೆಂದು ನನಗೆ ಗುಮಾನಿ. ಅವಳು ಕೋಣೆಯಲ್ಲಿ ಈಮೇಲ್ ಕಳಿಸುವಾಗೆಲ್ಲ ನಾನು ನಡುಮನೆಯ ಫೋನ್ ಎತ್ತಿ ಕದ್ದು ಕೇಳುತ್ತಿದ್ದೆ. ಒಳಗೆ ಯಾರೋ ಕೀಂಯ್ ಎಂದು ಸಿಳ್ಳೆ ಹೊಡೆಯುತ್ತಿದ್ದರು!

ಇಂದು ಅಕ್ಷರಾ ನೋಡಿಬಿಟ್ಟಳು. “ದೊಡ್ಡಪ್ಪ, ಫೋನೂ ಇಂಟರ್‌ನೆಟ್ಟೂ ಎರಡೂ ಒಂದೇ ಲೈನು! ನೀವು ಎತ್ತಿದಾಗ್ಲೇ ಕಟ್ಟಾಗೋದು!”

“ಅಂತೂ ಕಳ್ಳ ಸಿಕ್ಕಿದ್ನಲ್ಲ ಮಾರಾಯ್ತಿ,” ಎಂದಳು ನನ್ನ ಹೆಂಡತಿ ಸುಭದ್ರಮ್ಮ.

ಅರ್ಜಿಯೇನೋ ಹೋಯಿತು. ಆದರೂ ಆ ಶಿವರಾಜನ ನಗು ನನಗೆ ಸರಿಕಾಣುವುದಿಲ್ಲ. ಫೋನ್ ತಂತಿಗೆ ಕಂಪ್ಯೂಟರ್ ಜೋಡಿಸುವ ಮೋಡೆಮ್ ಚೆನ್ನಾಗಿದೆ ಎಂದು ಮೊನ್ನೆ ಅವನು ಎಷ್ಟು ಹೇಳಿದರೂ ನಂಬದೆ ನಾನೇ ಹೊಸದು ಹಾಕಿಸಿದ್ದೆ. ಮನೆಯಲ್ಲಿ ಎಂಟುನೂರು ಎಂದಿದ್ದೇನೆ. ಕೊಟ್ಟದ್ದು ಎರಡು ಸಾವಿರದ ಆರುನೂರು.