ಅಕ್ಕ ಕುಡಿಯದ ನೀರು

ಧಾರವಾಡ,
ಯುಗಾದಿಯ ಮರುದಿನ, ೧೯೯೧

ನನ್ನ ಯಲ್ಲಕ್ಕನಿಗೆ,

ನಿನ್ನ ಹಿಂಡು ಈಗ ಯಾರ ಹೊಲದಲ್ಲಿ ತಂಗಿದೆಯೋ ತಿಳಿಯದು. ಅದಕ್ಕೇ ಈ ಪತ್ರವನ್ನು ತೇರದಾಳದ ಧರೆಪ್ಪ ಕಾಕಾನ ಅಂಗಡಿಗೆ ಕಳಿಸುತ್ತಿದ್ದೇನೆ. ನೀನು ಎಲೆ, ಅಡಿಕೆ, ಮೊಣಕಾಲು ನೋವಿನ ಗುಳಿಗೆ ಕೊಳ್ಳಲು ಬಂದಾಗ ಅವರು ಓದಿ ಹೇಳುತ್ತಾರೆ. ಕಾಕಾ, ಗುಳಿಗೆಯ ಮಾತು ಬಂದಾಗ ಕೆಮ್ಮಿ ದಾಟಿಸಬೇಡಿ, ಗಟ್ಟಿಯಾಗಿ ಓದಿ.

ಅಕ್ಕಾ, ನೀನು ಬಹಳ ನೆನಪಾಗುತ್ತೀ. ಬೆಳಿಗ್ಗೆ ನಮ್ಮ ಪ್ರಯೋಗಾಲಯಕ್ಕೆ ಬರ್ಫದ ಡಬ್ಬಿಯಲ್ಲಿ ಕುರಿಯ ಮೂತ್ರಪಿಂಡ ಬರುತ್ತದೆ. ಮುಚ್ಚಳ ತೆಗೆದರೆ ಸಾಕು, ನಮ್ಮ ಹಟ್ಟಿಯ ವಾಸನೆ. ಜೊತೆಯವರು ಮೂಗು ಮುಚ್ಚಿಕೊಳ್ಳುತ್ತಾರೆ, ನಾನು ಇನ್ನೊಮ್ಮೆ ಉಸಿರೆಳೆದುಕೊಳ್ಳುತ್ತೇನೆ. 'ಕುರಿ ಬಿಟ್ಟು ಸಾಲಿ ಕಲಿತಾಕಿ, ಮತ್ತ ಕುರಿಗೇ ಬಂದ್ಯಲ್ಲ ಬೇ' ಎಂದು ನೀನು ನಕ್ಕಿದ್ದು ಖರೆ.

ನನ್ನ ಕೆಲಸ ಇಷ್ಟೆ. ಮೂತ್ರಪಿಂಡದ ತೆಳ್ಳನೆಯ ಚೂರುಗಳನ್ನು ಉಪ್ಪುನೀರಿನಲ್ಲಿಟ್ಟು, ಅದರಲ್ಲಿ ಕ್ಯಾಲ್ಸಿಯಂ ಹೆಚ್ಚು ಕಡಿಮೆ ಮಾಡಿ ನೋಡುವುದು. ನೀನು ಎಲೆಗೆ ಸವರುವ ಸುಣ್ಣದಲ್ಲಿರುವುದೂ ಅದೇ. ಅದು ಜೀವಕೋಶದೊಳಗೆ ನುಗ್ಗಿದರೆ ಕೋಶದ ಪೊರೆಯ ಕೊಬ್ಬಿನಿಂದ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತು ಹುಟ್ಟುತ್ತದೆ. ಕ್ಯಾಲ್ಸಿಯಂ ತೆಗೆದರೆ ಅದರ ಹುಟ್ಟೂ ಕುಗ್ಗುತ್ತದೆ. ಹಾರ್ಮೋನಿನಂತೆ ಇದೂ ಸುದ್ದಿ ಮುಟ್ಟಿಸುವಂಥದ್ದೇ, ಆದರೆ ದೂರ ಹೋಗುವುದಿಲ್ಲ. ಮೈಯಲ್ಲಿ ನೀರು ಬತ್ತಿ ಮೂತ್ರಪಿಂಡಕ್ಕೆ ರಕ್ತ ಸಾಲದಾದಾಗ ಪಕ್ಕದ ರಕ್ತನಾಳವನ್ನು ಹಿಗ್ಗಿಸಿ, ಮೂತ್ರಪಿಂಡವನ್ನು ಕಾಪಾಡಿ, ತಾನು ಅಲ್ಲೇ ಮುಗಿದುಹೋಗುತ್ತದೆ. ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಅತ್ತೆ. ಅವ್ವ ತೀರಿದ ಮೇಲೆ ನನ್ನನ್ನು ಮುಧೋಳದ ಸಾಲೆಗೆ ಕಳಿಸಿ, ನೀನು ಹಿಂಡಿನ ಹಿಂದೆ ಉಳಿದೆಯಲ್ಲ.

ನೀನು ನುಂಗುವ ಗುಳಿಗೆ ಈ ವಸ್ತು ಹುಟ್ಟದಂತೆ ತಡೆಯುತ್ತದೆ. ನೋವು ಇಳಿಯುವುದೂ ಅದರಿಂದಲೇ. ಆದರೆ ನೀರಿಲ್ಲದೆ ಒಣಗಿದ ಮೈಯಲ್ಲಿ ಮೂತ್ರಪಿಂಡಕ್ಕಿದ್ದ ಕಾವಲು ಹೋಗಿಬಿಡುತ್ತದೆ.

ಹೋದ ಬೇಸಿಗೆಯಲ್ಲಿ ಚಿಕ್ಕಪಡಸಲಗಿಯ ಹೊಳೆದಂಡೆಯಲ್ಲಿ ನಿನ್ನ ಪಾದಗಳು ಬಾತಿದ್ದವು. ಗುಳಿಗೆಯನ್ನು ಒಣಬಾಯಲ್ಲೇ ನುಂಗಿದೆ. ನಾನು ಚಂಬು ಹಿಡಿದರೆ ತಳ್ಳಿದೆ. 'ಮರಿ ಇನ್ನೂ ನೀರಿಗಿ ಬಾಯಿ ಹಚ್ಚಿಲ್ಲ, ನಾ ಹೆಂಗ ಕುಡೀಲಿ? ಬೀರಪ್ಪ ನೋಡಾಕತ್ತಾನ!' ಹಿಂಡು ಕುಡಿಯುವ ತನಕ ಕುರಿ ಕಾಯುವವರು ಕುಡಿಯಬಾರದೆಂಬ, ಮನೆದೇವರು ಬೀರಪ್ಪನ ಹೆಸರಿನ ನಮ್ಮ ಮನೆತನದ ನೇಮ ನನಗೂ ಗೊತ್ತು. ಕಡೆಯ ಮರಿ ತಣಿದು ತಲೆಯೆತ್ತುವ ಹೊತ್ತಿಗೆ ನಿನ್ನ ತುಟಿ ಬಿರಿದಿತ್ತು.

ನನಗೆ ಭಯವಾಗಿದೆ ಅಕ್ಕಾ. ಪಾದ ಬಾಯುವುದು ಮೂತ್ರಪಿಂಡ ಸೋಲುತ್ತಿರುವ ಗುರುತೂ ಆಗಿರಬಹುದು. ಅವ್ವನನ್ನು ಕಳೆದುಕೊಂಡವಳು ನಿನ್ನನ್ನೂ ಕಳೆದುಕೊಳ್ಳಲಾರೆ. ಆ ಗುಳಿಗೆ ಬಿಡು. ಹಿಂಡನ್ನು ಲಗಮಣ್ಣ ಮಾವನಿಗೆ ಒಪ್ಪಿಸಿ, ಜಮಖಂಡಿಯಲ್ಲಿ ಬಸ್ಸು ಹತ್ತಿ ನನ್ನ ಹತ್ತಿರ ಬಾ. ದೊಡ್ಡ ಡಾಕ್ಟರಿಗೆ ತೋರಿಸೋಣ. ನೀನು ಕೊಟ್ಟ ಕಂಬಳಿ ಇಬ್ಬರಿಗೂ ಸಾಲುತ್ತದೆ.

ಅಲ್ಲಿಯ ತನಕ ನೀರು ಸಿಕ್ಕಲ್ಲಿ ಕುರಿಗಿಂತ ಮೊದಲು ನೀನು ಕುಡಿ. ಬೀರಪ್ಪ ಸಿಟ್ಟಾದರೆ ನನ್ನ ಹೆಸರು ಹೇಳು, ಅವನ ಹತ್ತಿರ ನಾನು ಮಾತಾಡುತ್ತೇನೆ.

ಕಾಕಾ, ಓದಿ ಮುಗಿಯಿತಲ್ಲ, ಈಗ ನಮ್ಮ ಅಕ್ಕನಿಗೆ ಒಂದು ಚಂಬು ನೀರು ಕೊಡಿ. ಹಿಂಡು ಹೊರಗೆ ನಿಂತಿರುತ್ತದೆ. ಇವತ್ತೊಂದು ದಿನ ಅದು ಕಾಯಲಿ.

ನಿನ್ನ ಹೊಟ್ಟೆ ತಂಪಾಗಿರಲಿ ಅಕ್ಕಾ.

ನಿನ್ನ ಬೆನ್ನ ಮೇಲೆ ಬೆಳೆದ ತಂಗಿ,
ಸತ್ಯವ್ವ