ಎಳ್ಳಮಾಸಿಗೆ ಬನ್ನಿ

ವಾಚನಾಲಯ, ಗುಂಜೋಟಿ

ಅಪ್ಪನವರಿಗೆ ಸುಮಂಗಲಾಳ ನಮಸ್ಕಾರ.

ನಮ್ಮ ವಾಚನಾಲಯಕ್ಕೆ ಕನ್ನಡದ ಕಪಾಟು ಬಂತು, ಅಪ್ಪಾ! ಹಲಗೆಯ ಮೇಲಿನ ವಾರದ ಪ್ರಶ್ನೆಯನ್ನೂ ಮರಾಠಿಯ ಕೆಳಗೆ ಕನ್ನಡದಲ್ಲಿ ನಾನೇ ಬರೆದೆ: ‘ಊಟಕ್ಕೆ ಕರೆದರೆ ಯಾರೂ ಒಲ್ಲೆ ಎನ್ನಬಾರದ ದಿನ ಯಾವುದು?’ ಓದಲು ಬಂದವರೆಲ್ಲ ‘ಎಳ್ಳಮಾಸಿ!’ ಎಂದು ಕೂಗಿಬಿಟ್ಟರು.

ಎಳ್ಳು ಅಮಾವಾಸ್ಯೆಯ ಆ ದಿನ ಊರಿಗೆ ಊರೇ ಊಟಕ್ಕೆ ಹೊಲದಲ್ಲಿರುತ್ತದೆ. ಹಾಗಾಗಿ ನಾನೂ ಪುಸ್ತಕಗಳನ್ನು ಬುಟ್ಟಿಯಲ್ಲಿ ಹೊತ್ತು ನಮ್ಮ ಹೊಲಕ್ಕೇ ಒಯ್ಯುತ್ತೇನೆ. ನಿಮ್ಮ ಹಳೆಯ ಕನ್ನಡ ಪುಸ್ತಕಗಳನ್ನು ಅಲ್ಲಿಗೆ ತಂದುಕೊಡಿ. ಅಂಬಲಿ, ಸೊಪ್ಪು-ಕಾಳಿನ ಭಜ್ಜಿ, ಸಜ್ಜೆ ರೊಟ್ಟಿ ಇರುತ್ತವೆ.

ನಿಮ್ಮನ್ನು ಕೇಳದೆ ಮದುವೆಯಾದಾಗ ‘ನಿನ್ನ ಮನಿ ಹೊಸ್ತಿಲ ತುಳಿಯಾಂಗಿಲ್ಲ’ ಅಂದಿದ್ದಿರಿ. ಅದನ್ನು ನಿನ್ನೆ ಅತ್ತೆಗೆ ಹೇಳಿದೆ. ಅವರು ಜೋರಾಗಿ ನಕ್ಕರು: ‘ಹೊಲಕ್ಕ ಹೊಸ್ತಿಲ ಎಲ್ಲದವ್ವಾ? ಬರ್ಲಾಕ ಹೇಳು!’

ದಾರಿ ನೋಡುತ್ತಿರುವ
ಸುಮಂಗಲಾ